ನರ್ಸಮ್ಮ ಮತ್ತು ಮಹಡಿಯ ಲೆಕ್ಕ

ಆ ಶಾಲೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಯಾರೂ ಇರಲಿಲ್ಲ. ಮಕ್ಕಳಿಗೆ ಅವಳು ನರ್ಸಮ್ಮ, ಮೇಷ್ಟ್ರುಗಳಿಗೆ ನರ್ಸಮ್ಮ, ಗೇಟಿನ ಕಾವಲುಗಾರನಿಗೂ ನರ್ಸಮ್ಮ. ಮನೆಯಲ್ಲಿ ಗಂಡ ತಮಾಷೆಗೆಂದು ಹಾಗೆ ಕರೆಯತೊಡಗಿ, ಕೊನೆಗೆ ಅತ್ತೆಯ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು.

ಅವಳು ಹುಟ್ಟು ಪುಕ್ಕಲು. ಗ್ಯಾಸ್ ಆರಿಸಿ, ಬೀಗ ಹಾಕಿ, ಬೀದಿಯ ತಿರುವಿನವರೆಗೆ ಹೋಗಿ, ಆರಿಸಿದೆನೋ ಇಲ್ಲವೋ ಎಂದು ಮತ್ತೆ ಬಂದು ನೋಡುವವಳು. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಅದನ್ನು ಎತ್ತುವ ಮೊದಲೇ ಯಾರೋ ಹೋದರೆಂದು ಕಣ್ಣೀರು ತಂದುಕೊಳ್ಳುವವಳು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಊರಿನ ಅರ್ಧ ಕಟ್ಟಡಗಳ ಲಿಫ್ಟುಗಳು ಅವನ ಕೈಯಲ್ಲಿ ಏರಿಳಿದಿದ್ದವು. ಹೆಂಡತಿ ಮಾತ್ರ ಒಂದೇ ಒಂದು ಲಿಫ್ಟಿಗೂ ಕಾಲಿಟ್ಟವಳಲ್ಲ. ಮದುವೆಯಾದ ಹೊಸದರಲ್ಲಿ ಅವನ ಗೆಳೆಯನ ಮನೆಗೆ ಊಟಕ್ಕೆ ಹೋದಾಗ ಅವನು ಲಿಫ್ಟಿನಲ್ಲಿ ಮೇಲೆ ಹೋಗಿ ಬಾಗಿಲಲ್ಲಿ ನಿಂತು ಕಾದ. ಅವಳು ಮಹಡಿ ಮೇಲೆ ಮಹಡಿ ಹತ್ತಿ, ಹೊಸ ಸೀರೆಯ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದಳು. “ಅಕ್ಕಸಾಲಿಗನ ಹೆಂಡತಿ ಬರಿಗೈಲಿ ಇದ್ದ ಹಾಗಾಯ್ತು ನನ್ನ ಕಥೆ,” ಎಂದು ಅವನು ಇವತ್ತಿಗೂ ಹೇಳಿ ನಗುತ್ತಾನೆ.

ಆದರೆ ಇದೇ ಹೆಂಗಸು ರಕ್ತ ಕಂಡರೆ ರೆಪ್ಪೆ ಮಿಟುಕಿಸುತ್ತಿರಲಿಲ್ಲ. ಆಟದ ಬಯಲಿನಲ್ಲಿ ಬಿದ್ದು ಹಲ್ಲು ಮುರಿದುಕೊಂಡ ಹುಡುಗನನ್ನು ಎತ್ತಿಕೊಂಡು ಬಂದ ಮೇಷ್ಟ್ರು ತಾವೇ ತಲೆ ಸುತ್ತಿ ಕುಸಿದಾಗ, ಒಂದು ಹಾಸಿಗೆಯ ಮೇಲೆ ಹುಡುಗನನ್ನು, ಇನ್ನೊಂದರ ಮೇಲೆ ಮೇಷ್ಟ್ರನ್ನು ಮಲಗಿಸಿ ಇಬ್ಬರಿಗೂ ಸಮಾಧಾನ ಹೇಳಿದವಳು ಅವಳೇ. ರಕ್ತ ಬಂದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಏನು ಮಾಡಬೇಕೆಂದು ಗೊತ್ತಿಲ್ಲದ ಕಡೆಯೇ ಅವಳ ಜೀವ ಬಾಯಿಗೆ ಬರುತ್ತಿದ್ದದ್ದು.

ಅವಳ ಕೋಣೆ ಶಾಲೆಯ ದೊಡ್ಡ ಮೆಟ್ಟಿಲಿನ ಕೆಳಗಿತ್ತು. ಎರಡು ಕಬ್ಬಿಣದ ಮಂಚ, ನಡುವೆ ನೀಲಿ ಅಡ್ಡಪರದೆ, ಮೂಲೆಯಲ್ಲಿ ಬೇಸಿನ್ನು, ಗಾಜಿನ ಬಾಗಿಲಿನ ಬೀರು, ಬೀರುವಿನ ಮೇಲೆ ಪೆಪ್ಪರ್‌ಮಿಂಟ್ ಡಬ್ಬಿ. ಚಾವಣಿ ಓರೆಯಾಗಿದ್ದದ್ದರಿಂದ ಒಳಗಿನ ಮಂಚದಿಂದ ಎದ್ದವರೆಲ್ಲ ಒಂದಲ್ಲ ಒಂದು ಸಲ ತಲೆ ಕುಟ್ಟಿಕೊಂಡವರೇ. “ಜ್ವರಕ್ಕೆ ಅಂತ ಹೋದ್ರೆ ಬುಗುಟೆ ಎಬ್ಬಿಸಿ ಕಳಿಸ್ತಾರೆ,” ಎಂದು ಮಕ್ಕಳು ನಗುತ್ತಿದ್ದರು. ತಲೆಯ ಮೇಲೆ ದಿನವಿಡೀ ಕಾಲುಗಳ ಸದ್ದು. ಓಡುವ ಕಾಲು, ಎಳೆದು ನಡೆಯುವ ಕಾಲು, ಅಳುತ್ತಿರುವವರ ಕಾಲು, ಎಲ್ಲದರ ಗುರುತೂ ಅವಳಿಗೆ ಸಿಗುತ್ತಿತ್ತು.

ಆ ಮೆಟ್ಟಿಲಿನ ಕೊನೆಯಲ್ಲಿ, ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ, ಲೆಕ್ಕದ ಮೇಡಂ ನಡೆಸುವ ವಿಶೇಷ ತರಗತಿ ಇತ್ತು. ಎಂಟನೇ ತರಗತಿಯಿಂದ ಮೇಲೆ, ಲೆಕ್ಕದಲ್ಲಿ ಚುರುಕಾದ ಕೆಲವೇ ಮಕ್ಕಳನ್ನು ಆರಿಸಿ, ಪಾಠಪುಸ್ತಕ ದಾಟಿದ ಗಣಿತವನ್ನು ಅಲ್ಲಿ ಹೇಳಿಕೊಡುತ್ತಿದ್ದರು. ಬೆಳಿಗ್ಗೆ ಉಳಿದವರು ಬರುವ ಮೊದಲು ಒಂದು ಪಾಠ, ಸಂಜೆ ಉಳಿದವರು ಹೋದ ಮೇಲೆ ಇನ್ನೊಂದು. ಬೋರ್ಡಿನ ಮೇಲೆ ಅದಕ್ಕೆ ಏನೋ ಉದ್ದನೆಯ ಹೆಸರಿತ್ತು. ಎಲ್ಲರೂ ಕರೆಯುತ್ತಿದ್ದದ್ದು ಮಹಡಿ ಕ್ಲಾಸು ಎಂದು. ಮಹಡಿ ಕ್ಲಾಸಿಗೆ ಮಗು ಸೇರಿತೆಂದರೆ ತಾಯ್ತಂದೆಯರ ನಡಿಗೆಯೇ ಬದಲಾಗುತ್ತಿತ್ತು.

ನರ್ಸಮ್ಮನಿಗೆ ಕಾಣುತ್ತಿದ್ದದ್ದು ಆ ಕ್ಲಾಸಿನ ಇನ್ನೊಂದು ಮುಖ. ಪರೀಕ್ಷೆಯ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಇಳಿದು ಬರುವವರು, ಬೇಸಿನ್ನಿಗೆ ಬಗ್ಗಿ ಏನೂ ಬಾರದೆ ಬರಿದೇ ಓಕರಿಸುವವರು, ಹುಬ್ಬಿನ ಕೂದಲನ್ನು ಒಂದೊಂದಾಗಿ ಕಿತ್ತು ಅರ್ಧ ಹುಬ್ಬು ಬೋಳು ಮಾಡಿಕೊಂಡ ಹುಡುಗಿ. ಅವಳು ಅವರನ್ನು ಮಲಗಿಸುವಳು, ಹೊಟ್ಟೆಗೆ ಬಿಸಿನೀರಿನ ಚೀಲ ಇಡುವಳು, ಪೆಪ್ಪರ್‌ಮಿಂಟ್ ಕೊಡುವಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಯಾರಾದರೂ ಬಂದು, “ಮೇಡಂ ಕರೀತಿದ್ದಾರೆ,” ಎನ್ನುವರು. ಮಗು ಎದ್ದು, ತಲೆ ಕುಟ್ಟಿಕೊಂಡು, ಹೋಗುವುದು.

ಅವರಲ್ಲಿ ಒಬ್ಬನನ್ನು ಎಲ್ಲರೂ ಪಂಡಿತ ಎನ್ನುತ್ತಿದ್ದರು. ಮೀಸೆ ಕೂಡ ಚಿಗುರದ ಹುಡುಗ, ಕಾಲೇಜಿನವರ ಲೆಕ್ಕ ಮಾಡುತ್ತಾನೆಂದು ಹೆಸರು. ಹೋದ ವರ್ಷ ಅವನು ವಾರಕ್ಕೊಮ್ಮೆ ಬರುತ್ತಿದ್ದ. ಮೊದಮೊದಲು ಹೊಟ್ಟೆನೋವು. ಆಮೇಲೆ ಕೈ. ಬೆರಳ ಸಂದಿಗಳೆಲ್ಲ ಕೆಂಪಾಗಿ ಬಿರಿದಿದ್ದವು. ಏನಪ್ಪ ಇದು ಎಂದರೆ, “ತೊಳೆದೆ,” ಎಂದ. ಅವಳು ಮುಲಾಮು ಹಚ್ಚಿದಳು. ಅವನು ಹೋಗುವಾಗ ಹೊರಗಿನ ನಲ್ಲಿಯಲ್ಲಿ ಆ ಮುಲಾಮನ್ನೂ ತೊಳೆದುಕೊಂಡದ್ದು ಬಾಗಿಲ ಸಂದಿಯಿಂದ ಕಂಡಿತು. ಒಂದು ಸಂಜೆ ಶಾಲೆಯೆಲ್ಲ ಖಾಲಿಯಾದ ಮೇಲೆ ಅವಳು ಹೊರಟಾಗ ಅವನು ಗೇಟಿನ ಬಳಿ ಬ್ಯಾಗು ಎದೆಗವಚಿ ನಿಂತಿದ್ದ. “ಯಾಕೋ, ಮನೆಗೆ ಹೋಗಲ್ವಾ?” ಎಂದಳು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. “ಯಾವ ಕಡೆ ಅಂತ ಗೊತ್ತಾಗ್ತಿಲ್ಲ ನರ್ಸಮ್ಮ,” ಎಂದ. ಹುಟ್ಟಿದಾಗಿನಿಂದ ನಡೆದ ದಾರಿ. ಅವನ ಬ್ಯಾಗಿನಲ್ಲಿದ್ದ ಗುರುತಿನ ಚೀಟಿ ನೋಡಿ, ಕೈಹಿಡಿದು ಮನೆ ಮುಟ್ಟಿಸಿದಳು. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಏನಾದನೆಂದು ವಿಚಾರಿಸುವ ಧೈರ್ಯ ಅವಳಿಗಾಗಲಿಲ್ಲ. ಎಷ್ಟೋ ರಾತ್ರಿ ಊಟಕ್ಕೆ ಕೂತಾಗ ಆ ಹುಡುಗ ಎಡಕ್ಕೂ ಬಲಕ್ಕೂ ನೋಡಿದ್ದು ನೆನಪಾಗಿ ತುತ್ತು ತಟ್ಟೆಯಲ್ಲೇ ಉಳಿಯುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಲೆಕ್ಕದ ಮೇಡಂ ತಾವೇ ಮೆಟ್ಟಿಲಿಳಿದು ಅವಳ ಕೋಣೆಗೆ ಬಂದರು. ತೋಳಿನವರೆಗೂ ಸೀಮೆಸುಣ್ಣದ ಪುಡಿ, ಮಾತು ಪಟಪಟ.

“ನರ್ಸಮ್ಮ, ನಿಮ್ಮ ಮಗಳು ನನಗೆ ಬೇಕು.”

“ಅಯ್ಯೋ, ಏನ್ ಮಾಡಿದ್ಲು ಮೇಡಂ?”

“ಏನೂ ಮಾಡಲ್ಲ, ಅದೇ ತೊಂದರೆ. ನಾನು ಬೋರ್ಡ್ ಮೇಲೆ ಬರೆದು ಈ ಕಡೆ ತಿರುಗೋಷ್ಟರಲ್ಲಿ ಮುಗಿಸಿ ಕಿಟಕಿ ನೋಡ್ತಾ ಕೂತಿರ್ತಾಳೆ. ಇವತ್ತು ಬೇಕಂತಲೇ ಮಹಡಿ ಕ್ಲಾಸಿನ ಲೆಕ್ಕ ಒಂದು ಕೊಟ್ಟೆ. ನಾನು ಹೇಳಿಕೊಡದೇ ಇರೋ ದಾರೀಲಿ ಮಾಡಿದ್ಲು. ಮಾಡಿಬಿಟ್ಟು, ‘ಮೇಡಂ, ಇದು ಕಳ್ಳದಾರೀನಾ?’ ಅಂತ ನನ್ನನ್ನೇ ಕೇಳ್ತಾಳೆ!” ಮೇಡಂ ಬಾಯ್ತುಂಬ ನಕ್ಕರು. “ಸೋಮವಾರದಿಂದ ಮೇಲೆ ಕಳಿಸಿ.”

ಬೇರೆ ತಾಯಿಯಾಗಿದ್ದರೆ ಅಲ್ಲೇ ಹಿಗ್ಗಿ ಹೀರೇಕಾಯಿ ಆಗುತ್ತಿದ್ದಳು. ನರ್ಸಮ್ಮನ ಎದೆ ಧಸಕ್ಕೆಂದಿತು. “ಅವಳು ತುಂಬಾ ಸೂಕ್ಷ್ಮ ಮೇಡಂ,” ಎಂದಳು. ಅದು ಶುದ್ಧ ಸುಳ್ಳು. ಎಂಟನೇ ತರಗತಿಯ ಆ ಹುಡುಗಿಯನ್ನು ಮನೆಯಲ್ಲೂ ಬೀದಿಯಲ್ಲೂ ಮೆಣಸು ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಗಿಡ್ಡ, ಕಪ್ಪು, ಬಾಯಿಗೆ ಸಿಕ್ಕವರಿಗೆ ಖಾರ.

“ಯೋಚನೆ ಮಾಡಿ ಹೇಳ್ತೀನಿ ಮೇಡಂ.”

“ಇದರಲ್ಲಿ ಯೋಚನೆ ಮಾಡೋದೇನಿದೆ?” ಎಂದು ಅಚ್ಚರಿಪಡುತ್ತಲೇ ಮೇಡಂ ಹತ್ತಿ ಹೋದರು.

ಮನೆಗೆ ಹೋಗಿ ಹೇಳಬಾರದೆಂದು ಅವಳು ನಿಶ್ಚಯಿಸಿಕೊಂಡಿದ್ದಳು. ಆದರೆ ಮೇಡಂ ಹುಡುಗಿಗೆ ಮೊದಲೇ ಹೇಳಿದ್ದರು, ಹುಡುಗಿ ಅಜ್ಜಿಗೆ ಹೇಳಿದ್ದಳು, ಅಜ್ಜಿಗೆ ಹೇಳಿದ ಮೇಲೆ ಡಂಗುರ ಬೇಕಿರಲಿಲ್ಲ. ನರ್ಸಮ್ಮ ಚಪ್ಪಲಿ ಬಿಡುವಾಗಲೇ ಎದುರುಮನೆಯಾಕೆ ಕಿಟಕಿಯಿಂದ, “ಮಗಳು ದೊಡ್ಡ ಲೆಕ್ಕದವಳಾದ್ಲಂತೆ!” ಎಂದಳು.

“ನಮ್ಮ ಮನೆತನದಲ್ಲೇ ಇದೆ ಲೆಕ್ಕ,” ಎಂದರು ಅತ್ತೆ, ಕುರ್ಚಿಯಲ್ಲಿ ಕಾಲು ಮಡಚಿ ಕೂತು. “ಅವಳ ತಾತ ಇದ್ರಲ್ಲ, ಏನೇ ಕೇಳಿದ್ರೂ ಬಾಯಲ್ಲೇ ಕೂಡಿಸಿ ಹೇಳೋರು.”

“ಸರಿಯಾಗಿರ್ತಿತ್ತಾ ಅಜ್ಜಿ?” ಎಂದಳು ಮೆಣಸು.

“ಸರಿ ತಪ್ಪು ಯಾರಿಗೆ ಗೊತ್ತು? ತಡಮಾಡದೆ ಹೇಳೋರು.”

ಗಂಡ ಸಂಜೆ ಗ್ರೀಸು ಮೆತ್ತಿದ ಕೈ ತೊಳೆಯುವ ಮುಂಚೆಯೇ ಮಗಳ ತಲೆ ನೇವರಿಸಹೋಗಿ ಬೈಸಿಕೊಂಡ. ಅವನ ಮುಖ ಅಷ್ಟು ಅರಳಿದ್ದನ್ನು ನೋಡಿ ನರ್ಸಮ್ಮನಿಗೆ ಇನ್ನೂ ಭಯವಾಯಿತು. ಮಗಳು ಒಳಗೆ ಹೋದ ಮೇಲೆ ಅವಳು ಮೆಲ್ಲಗೆ ಹೇಳಿದಳು.

“ರೀ, ಬೇಡ ಅನ್ಸುತ್ತೆ.”

“ಏನು ಬೇಡ?”

“ಆ ಕ್ಲಾಸು. ಅಲ್ಲಿಂದ ಇಳಿದು ಬರೋ ಮಕ್ಕಳನ್ನ ನಾನು ದಿನಾ ನೋಡ್ತೀನಿ. ನೀವು ನೋಡಿಲ್ಲ.”

“ಚೆನ್ನಾಗಿರೋ ಮಕ್ಕಳು ನಿನ್ನ ಹತ್ರ ಯಾಕೆ ಬರ್ತಾರೆ? ನನ್ನನ್ನ ಕೇಳು. ಊರಲ್ಲಿರೋ ಲಿಫ್ಟೆಲ್ಲ ಕೆಟ್ಟಿದೆ ಅಂತೀನಿ. ಕೆಟ್ಟಿದ್ದಕ್ಕೆ ಮಾತ್ರ ತಾನೆ ನನ್ನನ್ನ ಕರೆಯೋದು?” ಅವನು ಅವಳ ಪಕ್ಕ ಕೂತ. “ನೋಡು, ಆರು ಜನ ಅಂತ ಬರೆದಿರೋ ಲಿಫ್ಟಿಗೆ ಅದರ ಎಷ್ಟೋ ಪಟ್ಟು ಭಾರ ತಡೆಯೋ ಹಗ್ಗ ಹಾಕಿರ್ತಾರೆ. ಹೆದರಿಕೆ ಬೇಡ.”

“ಹಗ್ಗ ನೀವು ಕಣ್ಣಲ್ಲಿ ನೋಡಿ ಹಾಕ್ತೀರಿ. ಇವಳ ಹಗ್ಗ ಯಾರು ನೋಡಿದ್ದಾರೆ?”

ಉತ್ತರ ಹೊಳೆದದ್ದು ಅತ್ತೆಗೆ. “ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋರನ್ನ ಕಂಡಿದ್ದೀನಿ. ನೀನು ಕೂಸಿಗೆ ಬರೋ ಕಾಯಿಲೆಗೂ ಔಷಧಿ ಅರೆದು ಇಟ್ಕೊಳ್ಳೋಳು ಕಣಮ್ಮ.”

ಹಾಸಿಗೆ ಹಾಸುವಾಗ ಅವಳು ಮಗಳನ್ನೇ ಕೇಳಿದಳು. “ನಿಂಗೆ ಹೋಗ್ಬೇಕು ಅಂತಿದ್ಯಾ?”

“ಹೂಂ.”

“ಯಾಕೆ?”

ಮೆಣಸು ದಿಂಬಿಗೆ ಗವಸು ಹಾಕಿ ಮುಗಿಸಿದಳು. “ಕ್ಲಾಸಲ್ಲಿ ಲೆಕ್ಕ ಮುಗಿದುಹೋಗುತ್ತಮ್ಮ. ಮುಗಿಯದೇ ಇರೋದು ಒಂದು ಬೇಕು.”

ಮುಗಿಯದೇ ಇರುವುದು. ಹುಡುಗಿ ಸಂತೋಷದಿಂದ ಹೇಳಿದ್ದಳು. ತಾಯಿಯ ಕಿವಿಗೆ ಅದು ಬಾವಿಯ ಆಳದ ಹಾಗೆ ಕೇಳಿಸಿತು.

ಅಲ್ಲಿಂದ ಶುರುವಾಯಿತು. ಹೂಂ ಅನ್ನಲೂ ಆಗದೆ, ಉಹೂಂ ಅನ್ನಲೂ ಆಗದೆ ಅವಳು ದಿನ ನೂಕಿದಳು. ಮೇಡಂ ಎದುರಾದರೆ ಬೀರುವಿನ ಹಿಂದೆ ಏನೋ ಹುಡುಕುವವಳಂತೆ ನಿಂತಳು. ಮನೆಯಲ್ಲಿ ಮಗಳ ಹಣೆ ಮುಟ್ಟಿದಳು, ಉಗುರು ನೋಡಿದಳು, ಹುಬ್ಬು ದಿಟ್ಟಿಸಿದಳು. ಹುಡುಗಿ ತಟ್ಟೆಯಲ್ಲಿ ಒಂದು ತುತ್ತು ಬಿಟ್ಟರೆ ಯಾಕೆ ಬಿಟ್ಟೆ ಎಂದಳು. ಪೂರ್ತಿ ತಿಂದರೆ ಇಷ್ಟು ಬೇಗ ಯಾಕೆ ತಿಂದೆ ಎಂದಳು. “ಅಮ್ಮ, ನಾನಿನ್ನೂ ಆ ಕ್ಲಾಸಿಗೆ ಹೋಗೇ ಇಲ್ಲ,” ಎಂದಳು ಮೆಣಸು. ಅದು ಅವಳ ಕಿವಿಗೆ ಬೀಳಲಿಲ್ಲ.

ಒಂದು ಸಂಜೆ ಅವಳು ಮನೆಗೆ ಬಂದಾಗ ಬಚ್ಚಲಿನಲ್ಲಿ ನಲ್ಲಿ ಸುರಿಯುತ್ತಿತ್ತು. ಬ್ಯಾಗು ಇಟ್ಟಳು, ಸೀರೆ ಬದಲಿಸಿದಳು, ಚಹಾಕ್ಕೆ ನೀರಿಟ್ಟಳು. ನಲ್ಲಿ ಸುರಿಯುತ್ತಲೇ ಇತ್ತು. ಅದರ ನಡುವೆ ತಿಕ್ಕುವ ಸದ್ದು, ಗಸಗಸ, ಗಸಗಸ. ಒಮ್ಮೆ ನಿಂತು, ಮತ್ತೆ ಶುರು. ನರ್ಸಮ್ಮನ ಕೈಕಾಲು ತಣ್ಣಗಾದವು.

“ಮೆಣಸೂ! ಏನ್ ಮಾಡ್ತಿದ್ದೀ?”

“ಏನಿಲ್ಲಮ್ಮ.”

“ಬಾಗಿಲು ತೆಗಿ.”

“ತಾಳು.”

“ಬಾಗಿಲು ತೆಗೀ ಅಂದೆ!” ಅವಳು ಎರಡೂ ಕೈಯಿಂದ ಬಡಿದಳು. ಬಾಗಿಲಿನ ಮೇಲಿದ್ದ ಟವೆಲು ಬಿತ್ತು. ಅತ್ತೆ ಗಾಬರಿಯಾಗಿ ಎದ್ದು ಬಂದರು. ಚಿಲಕ ಸರಿದದ್ದೇ ಅವಳು ಒಳನುಗ್ಗಿ ಮಗಳ ಎರಡೂ ಮುಂಗೈ ಹಿಡಿದು ಬೆಳಕಿಗೆ ಎಳೆದಳು. ಕೈಗಳು ಕೆಂಪಾಗಿದ್ದವು! ಬೆರಳು, ಬೆರಳಸಂದಿ, ಉಗುರು, ಎಲ್ಲ ಕೆಂಪು. ನರ್ಸಮ್ಮ ಕೂಗಿಕೊಂಡಳು.

“ಬಣ್ಣ ಅಮ್ಮ! ಬಣ್ಣ!” ಹುಡುಗಿಯೂ ಕೂಗಿದಳು. “ನಾಟಕಕ್ಕೆ ಅಂತ ಬಟ್ಟೆಗೆ ಬಣ್ಣ ಹಾಕಿದ್ವಿ. ಯೂನಿಫಾರ್ಮಿಗೆ ತಾಗಿತು, ನೀನು ಬೈತೀಯ ಅಂತ ಒಗೀತಿದ್ದೆ!” ಬಕೆಟಿನಲ್ಲಿ ಅಂಗಿ ತೇಲುತ್ತಿತ್ತು, ಬಿಳಿಯದಾಗಿದ್ದದ್ದು ಈಗ ಗುಲಾಬಿ.

ಅತ್ತೆ ನಗಲು ಬಾಯಿ ತೆರೆದವರು ಸೊಸೆಯ ಮುಖ ನೋಡಿ, ಬಿದ್ದ ಟವೆಲು ಎತ್ತಿಕೊಂಡರು. ನರ್ಸಮ್ಮ ಒದ್ದೆ ನೆಲದ ಮೇಲೆ ಕೂತುಬಿಟ್ಟಿದ್ದಳು. ಆ ಕೆಂಪು ಕೈಗಳಿಗಿಂತ ಹೆಚ್ಚಾಗಿ ಅವಳನ್ನು ನಡುಗಿಸಿದ್ದು ಮಗಳ ಮುಖ. ಗೋಡೆಗೆ ಒತ್ತಿ ನಿಂತಿದ್ದ ಹುಡುಗಿಯ ತುಟಿ ಅದುರುತ್ತಿತ್ತು. ಯಾವುದಕ್ಕೂ ಹೆದರದ ಮೆಣಸು ತಾಯಿಯನ್ನು ನೋಡಿ ಹೆದರಿದ್ದಳು.

ಮರುದಿನ ಸಂಜೆ ನರ್ಸಮ್ಮ ಮನೆಯ ಕಡೆ ತಿರುಗದೆ ಪಂಡಿತನ ಮನೆಯ ದಾರಿ ಹಿಡಿದಳು. ಅಲ್ಲಿ ಏನು ಕಾಣುವುದೋ ಎಂಬ ಭಯಕ್ಕೆ ಎರಡು ಸಲ ಹಿಂದಿರುಗಿದಳು. ಕಾಣದೆ ಇರುವುದು ಅದಕ್ಕಿಂತ ಕಷ್ಟವೆನಿಸಿ ಎರಡು ಸಲವೂ ಮತ್ತೆ ತಿರುಗಿದಳು.

ಹುಡುಗನ ತಾಯಿ ಕಿಟಕಿ ಪರದೆ ಹೊಲಿಯುವವಳು. ಚಿಕ್ಕ ಮನೆ. ಹೊಲಿದ ಪರದೆಗಳ ನೆರಿಗೆ ಸರಿಯಾಗಿ ಬೀಳಲೆಂದು ಚಾವಣಿಯಿಂದ ಸಾಲುಸಾಲಾಗಿ ಇಳಿಬಿಟ್ಟಿದ್ದರು. ನೆಲ ಮುಟ್ಟುವ ಬಟ್ಟೆಗಳ ನಡುವೆ ಓಣಿಯಂಥ ದಾರಿ, ಆ ದಾರಿಯ ಕೊನೆಯಲ್ಲಿ ದೀಪ, ದೀಪದ ಕೆಳಗೆ ಮಷೀನು. ಹೊಲಿಗೆಯವಳು ತಲೆ ಎತ್ತಿ ನೋಡಿ, ಗುರುತು ಹಿಡಿದು, ಕಾಲು ನಿಲ್ಲಿಸಿದಳು.

“ಈಗ ನೆನಪಾಯ್ತಾ ನಿಮಗೆ?”

“ಹೇಗಿದ್ದಾನೆ ಅಂತ...”

“ಇದ್ದಾನೆ.” ಅಷ್ಟು ಹೇಳಿ ಅವಳು ದಾರ ಕಚ್ಚಿ ಕತ್ತರಿಸಿದಳು. ಆಮೇಲೆ ಒಂದು ವರ್ಷ ಕಟ್ಟಿಟ್ಟಿದ್ದು ಒಡೆದುಬಂತು. “ವಾರಕ್ಕೊಂದು ಸಲ ನಿಮ್ಮ ಹತ್ರ ಬರ್ತಿದ್ನಂತೆ. ನನಗೆ ಗೊತ್ತಾಗಿದ್ದು ಯಾವಾಗ? ನೀವು ಕೈಹಿಡಿದು ತಂದು ಬಿಟ್ಟ ದಿನ. ಮನೇಲಿ ಕೇಳಿದ್ರೆ ಎಲ್ಲಾ ಚೆನ್ನಾಗಿದೆ ಅಂತಿದ್ದ. ಕೈ ನೋಡಿದ್ರೆ ಸೀಮೆಸುಣ್ಣ ಆಗಲ್ಲ ಅಂತಿದ್ದ. ಅಷ್ಟು ದಿನ ನೀವು ಏನ್ ಮಾಡ್ತಿದ್ರಿ?”

ನರ್ಸಮ್ಮನ ಬಾಯಿಂದ ನಿಜವೇ ಬಂತು. “ಪೆಪ್ಪರ್‌ಮಿಂಟ್ ಕೊಡ್ತಿದ್ದೆ. ಮೇಲಿಂದ ಕರೀತಿದ್ರು, ಕಳಿಸ್ತಿದ್ದೆ.”

“ಕರೆದಾಗ ಕಳಿಸೋಕೆ ನೀವ್ಯಾಕೆ ಬೇಕಿತ್ತು? ಬಾಗಿಲು ಸಾಕಾಗಿತ್ತಲ್ಲ.”

ನರ್ಸಮ್ಮ ತಲೆ ತಗ್ಗಿಸಿದಳು. ತಿರುಗಿ ಓಡಿಹೋಗಬೇಕೆನಿಸಿತು. ಅಷ್ಟರಲ್ಲಿ ಪಕ್ಕದ ಪರದೆ ಅಲುಗಿತು. ಯಾರೂ ಇಲ್ಲವೆಂದುಕೊಂಡಿದ್ದ ಜಾಗದಲ್ಲಿ ಬಟ್ಟೆಯ ಅಂಚಿನಿಂದ ಎರಡು ಕೈ ಹೊರಬಂದವು. ಕೈಗಳು ಪರದೆಯನ್ನು ಸರಿಸಿದವು. ಪಂಡಿತ ನಿಂತಿದ್ದ, ಒಂದು ಗೇಣು ಉದ್ದವಾಗಿದ್ದ. ಅವಳು ಅವನ ಮುಖ ನೋಡುವ ಬದಲು ಬೆರಳುಗಳನ್ನು ನೋಡಿದಳು. ಸಂದಿಗಳಲ್ಲಿ ಕಲೆ ಉಳಿದಿತ್ತು; ಚರ್ಮ ಕೂಡಿಕೊಂಡಿತ್ತು.

“ಚೆನ್ನಾಗಿದ್ದೀನಿ ನರ್ಸಮ್ಮ,” ಎಂದ, ಅವಳ ನೋಟ ತಿಳಿದು. “ಈ ವರ್ಷ ಬೇರೆ ಶಾಲೆಗೆ ಸೇರಿದೆ. ಒಂದೊಂದು ದಿನ ಕಷ್ಟ ಆಗುತ್ತೆ. ಆದ್ರೆ ಹೋಗ್ತೀನಿ.”

ಅವಳು ಬಂದ ಕಾರಣ ಹೇಳಿದಳು. ತಾಯಿಗೆ ಹೇಳಲು ಬಂದವಳು ಮಗನಿಗೆ ಹೇಳಿದಳು. ಅವನು ಕೇಳಿಸಿಕೊಂಡ.

“ಮೆಣಸು ತಾನೆ? ಸೇರ್ಲಿ. ಅಲ್ಲಿ ಚೆನ್ನಾಗಿರುತ್ತೆ.”

“ಚೆನ್ನಾಗಿರುತ್ತಾ? ನಿಂಗೆ ಹಂಗಾಯ್ತಲ್ಲಪ್ಪ!”

ಅವನು ಪರದೆಯ ನೆರಿಗೆಯನ್ನು ಸರಿಮಾಡುತ್ತ ನಿಧಾನವಾಗಿ ಹೇಳಿದ. “ಲೆಕ್ಕ ಇಷ್ಟ ಇತ್ತು. ಆಮೇಲೆ ಕೆಲವು ಬರ್ತಿರಲಿಲ್ಲ. ಎಲ್ಲರೂ ಪಂಡಿತ ಅಂತಿದ್ರು, ಬರಲ್ಲ ಅಂತ ಹೇಗೆ ಹೇಳೋದು? ಕೆಳಗೆ ಬಂದ್ರೆ ನೀವು ಮಲಗಿಸ್ತಿದ್ರಿ. ಇಲ್ಲೇ ಇರ್ಬಹುದು ಅನ್ಸೋದು. ಅಷ್ಟರಲ್ಲಿ ಕರೆಯೋರು. ಮಲಗಿರೋವಾಗಲೂ ಕರೆಯೋದಕ್ಕೇ ಕಾಯ್ತಿದ್ದೆ. ಅದು ತುಂಬಾ ಭಯ ಆಗೋದು.”

ಹೊಲಿಗೆಯವಳು ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. “ನಿಂತೇ ಇದ್ದೀರಲ್ಲ. ಕೂತ್ಕೊಳ್ಳಿ,” ಎಂದು ಒರಟಾಗಿಯೇ ಹೇಳಿ ಚಹಾಕ್ಕೆ ನೀರಿಡಲು ಹೋದಳು. ನರ್ಸಮ್ಮ ಆ ಚಹಾ ಕುಡಿದು ಬಂದಳು.

ಮರುದಿನ ಬೆಳಿಗ್ಗೆ ಅವಳು ಮಾಡಿದ್ದು ಅವಳ ಜನ್ಮದಲ್ಲೇ ಮಾಡದಿದ್ದ ಕೆಲಸ. ಅವಳ ನೌಕರಿ ಕಾಯಂ ಆದದ್ದಲ್ಲ. ವರ್ಷ ವರ್ಷ ಹೆಡ್‌ಮಾಸ್ತರರು ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೇಡಂ ಒಂದು ಮಾತು ಹೇಳಿದರೆ ಸಾಕಿತ್ತು. ಇದೆಲ್ಲ ಗೊತ್ತಿದ್ದೇ ಅವಳು ಮೆಟ್ಟಿಲು ಹತ್ತಿದಳು. ನಡುವಿನ ಮಹಡಿಯಲ್ಲಿ ನಿಂತು, ಓಕರಿಕೆ ಬಂದ ಹಾಗಾಗಿ, ಕಂಬಿ ಹಿಡಿದುಕೊಂಡಳು. ಮೇಲಿಂದ ಇಳಿಯುವ ಮಕ್ಕಳಿಗೆ ಹೀಗೇ ಆಗುತ್ತದೇನೋ ಎನಿಸಿತು.

ಬೆಳಗಿನ ಪಾಠ ಮುಗಿಸಿ ಮೇಡಂ ಬೋರ್ಡು ಒರೆಸುತ್ತಿದ್ದರು. “ಬನ್ನಿ ನರ್ಸಮ್ಮ! ಮಗಳನ್ನ ಕರ್ಕೊಂಡು ಬಂದ್ರಾ?”

“ಕಳಿಸ್ತೀನಿ ಮೇಡಂ. ಅದಕ್ಕೆ ಮುಂಚೆ ಒಂದು ಮಾತು.” ಅವಳು ಬೆಂಚಿನ ಅಂಚು ಹಿಡಿದಳು. “ನನ್ನ ಕೋಣೆಗೆ ಬಂದ ಮಗುನ ನಾನು ಕಳಿಸೋವರೆಗೆ ವಾಪಸ್ ಕರೀಬೇಡಿ. ನನ್ನ ಮಗಳು ಅಂತಲ್ಲ. ಯಾರನ್ನೂ. ಎರಡನೇ ಸಲ ಬಂದ ಮಗುವಿನ ಮನೆಗೆ ನಾನೇ ಹೋಗಿ ಹೇಳ್ತೀನಿ.”

ಮೇಡಂ ಒರೆಸುವುದನ್ನು ನಿಲ್ಲಿಸಿದರು. “ಹಾಗಾದ್ರೆ ಪರೀಕ್ಷೆ ದಿನ ಅರ್ಧ ಕ್ಲಾಸು ನಿಮ್ಮ ಮಂಚದ ಮೇಲಿರುತ್ತೆ.”

“ಇರ್ಲಿ. ಚಾಪೆ ಹಾಕ್ತೀನಿ.”

“ನಾಟಕ ಮಾಡೋರೂ ಇರ್ತಾರೆ.”

“ಅವರೂ ಮಲಗ್ಲಿ.”

“ನರ್ಸಮ್ಮ, ಕಷ್ಟ ಆದ ಕೂಡ್ಲೆ ಎದ್ದು ಹೋಗೋದು ಕಲಿತ್ರೆ ಲೆಕ್ಕ ಯಾವಾಗ ಕಲೀತಾರೆ?” ಮೇಡಂ ಅವರ ದನಿ ಏರಿತ್ತು. ನರ್ಸಮ್ಮ ಹೇಳಿದ್ದು ಒಂದೇ. “ನಿನ್ನೆ ಪಂಡಿತನ ಮನೆಗೆ ಹೋಗಿದ್ದೆ.”

ಮೇಡಂ ಅಲ್ಲೇ ಮಕ್ಕಳ ಬೆಂಚಿನ ಮೇಲೆ ಕೂತರು. ತೋಳಿನ ಮೇಲಿನ ಪುಡಿ ಕೊಡವಿಕೊಂಡರು. ಬೇರೆಯೇ ದನಿಯಲ್ಲಿ, “ಹೇಗಿದ್ದಾನೆ?” ಎಂದರು.

“ಓದ್ತಿದ್ದಾನೆ. ಉದ್ದ ಆಗಿದ್ದಾನೆ.”

“ನಾನು ವಿಚಾರಿಸಲೇ ಇಲ್ಲ ನರ್ಸಮ್ಮ. ಆ ಬೀದೀಲಿ ಹೋಗೋದನ್ನೇ ಬಿಟ್ಟೆ. ಏನು ಕೇಳಬೇಕಾಗುತ್ತೋ ಅಂತ ಭಯ.”

ಜಗತ್ತಿನಲ್ಲಿ ತನ್ನೊಬ್ಬಳಿಗೇ ಭಯವೆಂದು ತಿಳಿದಿದ್ದ ನರ್ಸಮ್ಮ ಆ ಮಾತಿಗೆ ಬೆಪ್ಪಾಗಿ ನಿಂತಳು. ಗಂಟೆ ಹೊಡೆಯಿತು. ಮೇಡಂ ಎದ್ದು, “ಸರಿ. ಕರೆಯಲ್ಲ,” ಎಂದರು. ಹೆಡ್‌ಮಾಸ್ತರರು ವಿಷಯ ತಿಳಿದು, “ಶಾಲೆನಾ ಆಸ್ಪತ್ರೆನಾ ಇದು?” ಎಂದು ಗೊಣಗಿದರು, ಆಮೇಲೆ ನೋಡೋಣ ಎಂದರು. ಆ ವರ್ಷ ಕಳೆದು ಮುಂದಿನ ವರ್ಷವೂ ಅವಳ ಕೆಲಸ ಉಳಿಯಿತು. ಅಷ್ಟರವರೆಗೆ ಮಾತ್ರ ಹೆಡ್‌ಮಾಸ್ತರರ ಕೋಣೆಯ ಮುಂದೆ ಹಾದು ಹೋಗುವಾಗಲೆಲ್ಲ ಅವಳು ಉಸಿರು ಬಿಗಿಹಿಡಿದೇ ಹೋದಳು.

ಮಗಳಿಗೆ ಅವತ್ತು ಸಂಜೆ ಹೇಳಿದಳು. “ಸೇರು. ಆದ್ರೆ ಸಾಕು ಅನ್ನಿಸಿದ ದಿನ ಸಾಕು ಅನ್ನಬೇಕು. ಮಾತು ಕೊಡು.”

“ಇವತ್ತೇ ಅಂತೀನಿ,” ಎಂದಳು ಮೆಣಸು. “ನೀನು ನನ್ನ ಹಣೆ ಮುಟ್ಟಿ ಮುಟ್ಟಿ ನೋಡೋದು ಸಾಕು.”

ಗಂಡ ಪತ್ರಿಕೆಯ ಹಿಂದೆ ನಕ್ಕ. ನರ್ಸಮ್ಮ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಮೆಣಸು ಮಹಡಿ ಹತ್ತಿದಳು. ನರ್ಸಮ್ಮ ಹೆದರುವುದೂ ನಿಲ್ಲಲಿಲ್ಲ. ಬೆಳಿಗ್ಗೆ ಮಗಳು ಎದ್ದು ಹೊರಡುವಾಗ ಬಾಗಿಲವರೆಗೂ ಹಿಂದೆಯೇ ಹೋಗುತ್ತಿದ್ದಳು; ಸಂಜೆ ಅವಳು ಬ್ಯಾಗು ಎಸೆದು ತಿನ್ನಲೇನಿದೆ ಎನ್ನುವ ತನಕ ಕೂತಲ್ಲಿ ಕೂರುತ್ತಿರಲಿಲ್ಲ. ಕೇಳಬಾರದೆಂದು ತುಟಿ ಕಚ್ಚಿಕೊಳ್ಳುತ್ತಿದ್ದಳು. ಮೊದಲ ಪರೀಕ್ಷೆಯ ದಿನ ಮೇಡಂ ಹೇಳಿದಂತೆಯೇ ಆಯಿತು: ಎರಡು ಮಂಚ ತುಂಬಿ ಚಾಪೆಯೂ ತುಂಬಿತು. ಎರಡನೇ ಪರೀಕ್ಷೆಗೆ ಚಾಪೆ ಬೇಕಾಗಲಿಲ್ಲ. ಮಲಗಬಹುದೆಂದು ಗೊತ್ತಾದ ಮೇಲೆ ಬಹಳ ಮಕ್ಕಳಿಗೆ ಮಲಗುವುದು ಬೇಕಾಗಲಿಲ್ಲ. ಹುಬ್ಬು ಕೀಳುವ ಹುಡುಗಿ ಮಾತ್ರ ಮತ್ತೆ ಮತ್ತೆ ಬಂದಳು. ನರ್ಸಮ್ಮ ಅವಳ ಮನೆಗೆ ಹೋದಳು, ಬಾಗಿಲಲ್ಲೇ ಅವಳ ಅಪ್ಪನಿಂದ ಬೈಸಿಕೊಂಡಳು, ಇನ್ನೊಮ್ಮೆ ಹೋದಳು. ಕೊನೆಗೆ ಆ ಹುಡುಗಿ ಮಹಡಿ ಕ್ಲಾಸು ಬಿಟ್ಟಳು. ಆಕಾಶವೇನೂ ಬೀಳಲಿಲ್ಲ.

ಚಳಿಗಾಲ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಮೆಣಸೇ ಬಂದಳು. ಮುಖ ಬಿಳಿಚಿತ್ತು. ಏನೂ ಹೇಳದೆ ಒಳಗಿನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಬಂದೇಬಿಟ್ಟಿತು, ಇಷ್ಟು ದಿನ ಕಾದದ್ದು ಇದಕ್ಕೇ, ಎಂದುಕೊಂಡಳು ನರ್ಸಮ್ಮ. ಬಿಸಿನೀರಿನ ಚೀಲಕ್ಕೆ ನೀರು ಹುಯ್ಯುವಾಗ ಅರ್ಧ ನೆಲಕ್ಕೆ ಹೋಯಿತು. ಉಳಿದ ಮಕ್ಕಳಿಗೆ ಮಾಡಿದ್ದನ್ನೇ ಮಾಡಿದಳು: ಚೀಲ ಇಟ್ಟಳು, ಹೊದಿಸಿದಳು, ಪಕ್ಕದಲ್ಲಿ ಸ್ಟೂಲು ಹಾಕಿ ಕೂತಳು. ಹಣೆ ಮುಟ್ಟಲಿಲ್ಲ. ಏನಾಯಿತೆಂದು ಕೇಳಲೂ ಇಲ್ಲ. ಮೇಲಿಂದ ಯಾರೂ ಕರೆಯಲು ಬರಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಗೋಡೆಯ ಕಡೆಯಿಂದ ದನಿ ಬಂತು. “ಒಂದೂ ಬರ್ಲಿಲ್ಲಮ್ಮ. ಎಲ್ಲರೂ ಬರೀತಿದ್ರು. ನಂಗೆ ಪ್ರಶ್ನೆನೇ ಅರ್ಥ ಆಗ್ಲಿಲ್ಲ.”

“ಹೂಂ.”

“ಭಯ ಆಯ್ತು.”

“ಹೂಂ.” ನರ್ಸಮ್ಮ ಹೊದಿಕೆಯ ಅಂಚು ಸರಿಮಾಡಿದಳು. “ಸಾಕಾ?”

ಮೆಣಸು ತಿರುಗಿ ತಾಯಿಯ ಕಡೆ ನೋಡಿದಳು. “ಇವತ್ತಿಗೆ,” ಎಂದಳು. ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ಮರುದಿನ ಬೆಳಿಗ್ಗೆ ಎಂದಿನಂತೆ ಎದ್ದು, ಅಜ್ಜಿಯ ಹತ್ತಿರ ಬಾಚಣಿಗೆಗಾಗಿ ಜಗಳವಾಡಿ, ಹೊರಟುಹೋದಳು.

ವರ್ಷದ ಕೊನೆಗೆ ಅವಳು ಆ ಕ್ಲಾಸಿನಲ್ಲಿ ಮೊದಲಿಗಳೂ ಆಗಲಿಲ್ಲ, ಕೊನೆಯವಳೂ ಆಗಲಿಲ್ಲ. ಅಪ್ಪನಿಗೆ ಸ್ವಲ್ಪ ನಿರಾಸೆಯಾಯಿತು, ತೋರಿಸಿಕೊಳ್ಳಲಿಲ್ಲ. ಮುಂದಿನ ವರ್ಷವೂ ಹೋಗುತ್ತೇನೆಂದಳು ಹುಡುಗಿ, ಹೋದಳು.

ಹೊಸ ವರ್ಷದ ಆಯ್ಕೆ ಆದಾಗ ಒಬ್ಬ ತಾಯಿ ನರ್ಸಮ್ಮನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಅಂಗಡಿಯ ಕೆಲಸದ ಉಡುಪಿನಲ್ಲೇ ಬಂದಿದ್ದಳು. ಅವಳ ಮಗನನ್ನು ಆರಿಸಿದ್ದರು. “ನಿಮ್ಮ ಮಗಳೂ ಅಲ್ಲೇ ಇದ್ದಾಳಂತಲ್ಲ. ನೀವೇ ಹೇಳಿ ನರ್ಸಮ್ಮ, ಸೇರಿಸಬಹುದಾ? ಏನೂ ಆಗಲ್ವಲ್ಲ?”

ಏನೂ ಆಗುವುದಿಲ್ಲ ಎಂದು ಹೇಳಿದ್ದರೆ ಆ ಹೆಂಗಸು ನೆಮ್ಮದಿಯಿಂದ ಹೋಗುತ್ತಿದ್ದಳು. ನರ್ಸಮ್ಮನಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. “ಅವನನ್ನೇ ಕೇಳಿ. ಹೋದ್ರೆ ಹೋಗ್ಲಿ. ಇಳಿದು ಬಂದ್ರೆ ನಾನಿರ್ತೀನಿ,” ಎಂದಳು.

“ನಿಮಗೆ ಭಯ ಆಗಲ್ವಾ?”

ನರ್ಸಮ್ಮ ಕೈ ಚಾಚಿ ಆಕೆಯ ಕೈ ಹಿಡಿದಳು. ಆ ಹೆಂಗಸು ಬೆಚ್ಚಿದಳು. ಮೆಣಸು ಇರುವ ಬೆಳಗಿನ ಪಾಠ ಮೇಲೆ ಇನ್ನೂ ನಡೆದಿತ್ತು, ನರ್ಸಮ್ಮನ ಬೆರಳುಗಳು ಮಂಜುಗಡ್ಡೆಯಾಗಿದ್ದವು.